ಸೊಳ್ಳೆಪರದೆಯಲ್ಲಿ ಬಿಸಿಲು ಅಳೆಯುವ ಫಕ್ರುನ್ನೀಸಾ

ಯುದ್ಧಕ್ಕೆ ಮುಂಚೆ ಹಲಗೂರಿನಲ್ಲಿ ಒಂದು ಗಾಡಿ ಸೌದೆಗೆ ಮೂರು ರೂಪಾಯಿ. ಈಗ ಎಂಟು ಕೊಟ್ಟರೂ ಸಿಗುವುದು ಹಸಿ ಸೌದೆ, ಅರ್ಧ ಹೊಗೆ. ಪ್ಯಾರಾಚೂಟಿಗೆಂದು ರೇಷ್ಮೆಗೆ ಬೇಡಿಕೆ ಏರಿದೆ. ಗೂಡು ಬೇಯಿಸಿ ನೂಲು ಬಿಚ್ಚಲು ಕುದಿಯುವ ನೀರು ಬೇಕೇ ಬೇಕು. ಅದಕ್ಕಾಗಿ ಇಲ್ಲಿನ ನೂಲಿನ ಕೊಟ್ಟಿಗೆಯ ಯಜಮಾನ ಕೆಂಪಸಿದ್ದಯ್ಯ ನಲವತ್ತು ಕನ್ನಡಿ ಕೊಂಡು, ಅವುಗಳ ಬಿಸಿಲನ್ನೆಲ್ಲ ಮಸಿ ಹಿಡಿದ ಒಂದು ತಾಮ್ರದ ಹಂಡೆಯ ಮೇಲೆ ಬೀಳಿಸುವ ಏರ್ಪಾಡು ಮಾಡಿದ್ದಾರೆ. ಕನ್ನಡಿ, ಚೌಕಟ್ಟು ಸೇರಿ ನೂರಿಪ್ಪತ್ತು ರೂಪಾಯಿ. ಪರೀಕ್ಷೆಗೆ ಕನ್ನಡಿಯೊಂದಕ್ಕೆ ಅರ್ಧ ಆಣೆ. ಆ ಅರ್ಧ ಆಣೆಯ ಕೆಲಸ ಮದ್ದೂರಿನ ಫಕ್ರುನ್ನೀಸಾ ಅವರದು.

ಭಾನುವಾರ ಬೆಳಿಗ್ಗೆ, ಬಿಸಿಲು ಇನ್ನೂ ನೆಲದ ಮಟ್ಟದಲ್ಲಿದೆ. ಕೊಟ್ಟಿಗೆಯ ಸುಣ್ಣದ ಗೋಡೆಯ ನೆರಳಿನ ಕಡೆಗೆ ಫಕ್ರುನ್ನೀಸಾ ಎರಡು ಕನ್ನಡಿಗಳ ಬೆಳಕನ್ನು ಅಕ್ಕಪಕ್ಕ ಬಿಡುತ್ತಾರೆ. ಒಂದು ಅವರದೇ ಬೆಲ್ಜಿಯಂ ಕನ್ನಡಿ, ಇನ್ನೊಂದು ಪರೀಕ್ಷೆಯದು. ಬೆಲ್ಜಿಯಂ ಕನ್ನಡಿಯಿಂದ ಬರುವ ಬೆಳಕಿಗೆ ಅಡ್ಡವಾಗಿ ಸೊಳ್ಳೆಪರದೆಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಹಿಡಿಯುತ್ತಾರೆ. ಗೋಡೆಯ ಮೇಲಿನ ಎರಡೂ ಬೆಳಕು ಒಂದೇ ಸಮ ಕಾಣುವಷ್ಟರಲ್ಲಿ ಎಷ್ಟು ಮಡಿಕೆ ಬೇಕಾಯಿತೋ ಅಷ್ಟು ಆ ಕನ್ನಡಿಯ ದೋಷ. ಒಂದು ಮಡಿಕೆಯಾದರೆ ಪಾಸು.

“ತಗಳಪ್ಪ, ಪರದೆ ಕಟ್ತಾವ್ರೆ!” ನೂಲು ಬಿಚ್ಚುವ ಹೆಂಗಸರ ಮುಂದಾಳು ಹೊಂಬಾಳಮ್ಮ ನಗುತ್ತಾರೆ. “ಕನ್ನಡಿಗೂ ಚಳಿಜ್ವರ ಬತ್ತದಾ ಬೂಬಮ್ಮ?”

“ನಿಮ್ ಕನ್ನಡಿಗೆ ಬಂದಂಗದೆ ಕಣವ್ವ. ಬೆಳಕಿಗೆ ಅಡ್ಡ ನಿಂತ್ಕಬ್ಯಾಡ, ಅತ್ಲಾಗ್ ಸರಿ.”

ಕೆಂಪಸಿದ್ದಯ್ಯನವರಿಗೆ ನಗು ಬರುತ್ತಿಲ್ಲ. ನೆನ್ನೆ ಶನಿವಾರ, ಮೊದಲ ಸಲ ಹಂಡೆಗೆ ಬಿಸಿಲು ಕೊಟ್ಟರೆ ಮಧ್ಯಾಹ್ನ ಒಂದು ಗಂಟೆಯಾದರೂ ನೀರು ಸ್ನಾನಕ್ಕಾಗುವಷ್ಟೇ ಕಾದಿತ್ತು. “ನಲವತ್ತೂ ಪಾಸು ಅಂತ ಸೀಮೆಸುಣ್ಣದಲ್ಲಿ ಗೀಟಾಕಿದ್ದು ನೀವೆಯಾ. ಇವತ್ತೊಂದಿನ ನೋಡ್ತೀನಿ ಕಣಮ್ಮ. ಕುದೀನಿಲ್ಲ ಅಂದ್ರೆ ಎಲ್ಲಾನೂವೆ ಸಂತೆಗಾಕ್ಬುಡ್ತೀನಿ, ಸೌದೇನೇ ವಾಸಿ.”

“ಆಕ್ರಿ ಯಜಮಾನ್ರೇ. ನಾನೂ ಇನ್ ಯಾರ್ ಕನ್ನಡೀನೂ ಮುಟ್ಟಾಕಿಲ್ಲ. ಮೊದ್ಲು ಅಳೀತೀನಿ ಬುಡಿ,” ಎನ್ನುತ್ತಾರೆ ಫಕ್ರುನ್ನೀಸಾ.

ಅವರ ಗಂಡ ಮೆಹಬೂಬ್ ಪಾಷಾ ಮದ್ದೂರಿನ ಪೇಟೆಯಲ್ಲಿ ಕನ್ನಡಿ, ಪಟಗಳಿಗೆ ಕಟ್ಟು ಹಾಕುವವರು. ಆರು ವರ್ಷದ ಹಿಂದೆ ಅವರ ಕಣ್ಣು ಮಂಜಾಯಿತು. ಕಟ್ಟು ಹಾಕಲು ಕೈ ಸಾಕು, ಗಾಜಿನ ಒಳ್ಳೆಯದು ಕೆಟ್ಟದ್ದು ಹೇಳಲು ಕಣ್ಣು ಬೇಕು. ಆ ಕೆಲಸ ಹೆಂಡತಿಗೆ ಬಂತು. ಮೊದಮೊದಲು ಹೆಂಗಸಿನ ಮಾತು ಯಾವ ಗಿರಾಕಿಯೂ ನಂಬಲಿಲ್ಲ. ಒಂದು ಬೆಳಿಗ್ಗೆ ಹಗ್ಗದ ಮೇಲೆ ಒಣಗಿಹಾಕಿದ್ದ ಪರದೆಯ ಮಡಿಕೆಗಳಲ್ಲಿ ಬೆಳಕು ಹಂತಹಂತವಾಗಿ ಕುಂದುವುದನ್ನು ಫಕ್ರುನ್ನೀಸಾ ನೋಡಿದರು. “ಅವತ್ತಿಂದ ನನ್ ಮಾತು ನಂಬಿ ಅನ್ನಾಕಿಲ್ಲ. ಮಡಿಕೆ ನೀವೇ ಎಣಿಸ್ಕಳಿ ಅಂತೀನಿ.”

ಗಾಜು ಡೊಂಕೋ ನೇರವೋ ನೋಡಲು ಅವರದು ಬೇರೆ ಉಪಾಯ. ಕನ್ನಡಿಗೆ ಕಾಗದ ಅಂಟಿಸಿ ನಡುವೆ ಕಾಸಿನಗಲ ತೂತು ಬಿಟ್ಟು, ಮೂವತ್ತು ಹೆಜ್ಜೆ ದೂರದ ಗೋಡೆಗೆ ಬೆಳಕು ಬಿಡುತ್ತಾರೆ. ತಟ್ಟೆಯ ಹಾಗೆ ದುಂಡಗೆ ಬಿದ್ದರೆ ಸರಿ, ಕೋಳಿಮೊಟ್ಟೆಯ ಹಾಗೆ ಬಿದ್ದರೆ ವಾಪಸು. ಹೀಗೆ ಅರವತ್ತೆರಡರಲ್ಲಿ ಇಪ್ಪತ್ತೆರಡನ್ನು ತಳ್ಳಿ ಇಲ್ಲಿಗೆ ನಲವತ್ತು ಕೊಟ್ಟಿದ್ದರು.

ಈಗ ಮೊದಲ ಕನ್ನಡಿಗೆ ಮೂರು ಮಡಿಕೆ ಬೇಕಾಗುತ್ತದೆ. ಎರಡನೆಯದಕ್ಕೂ ಮೂರು. ಹತ್ತು ಅಳೆದರೂ ಮೂರೇ. ಕೆಂಪಸಿದ್ದಯ್ಯ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. ಫಕ್ರುನ್ನೀಸಾ ಅವರ ಮುಖ ಮಾತ್ರ ಅರಳುತ್ತದೆ.

“ಒಂದು ಕೆಟ್ಟಿದ್ರೆ ಗಾಜಿನ್ ತಪ್ಪು. ಎಲ್ಲಾ ಒಂದೇ ಸಮ ಕೆಟ್ಟವೆ ಅಂದ್ರೆ ಯಾರೋ ಏನೋ ಮಾಡವ್ರೆ.” ಗಾಜಿನ ಮೇಲೆ ಬೆರಳು ಉಜ್ಜಿ ಮೂಗಿಗೆ ಹಿಡಿಯುತ್ತಾರೆ. “ಅರಿಸಿನ! ಹೊಂಬಾಳವ್ವ, ಬಾ ಇಲ್ಲಿ.”

ಹೊಂಬಾಳಮ್ಮ ಸೆರಗು ಕಚ್ಚುತ್ತಾರೆ. “ಮೊನ್ನೆ ಶುಕ್ರವಾರ ಅಲ್ವಾ ಬೂಬಮ್ಮ. ಕನ್ನಡಿ ಅಂದ್ರೆ ಲಕ್ಷ್ಮಿ. ನಲವತ್ತು ಜನ ಲಕ್ಷ್ಮೇರು ಬಂದವ್ರೆ ಅಂತ ಎಲ್ಲಾರೂ ಸೇರಿ ಅರಿಸಿನದ ನೀರಲ್ಲಿ ತೊಳ್ದು ಕುಂಕುಮ ಇಟ್ಟೋ. ಆಮೇಲೆ ಸೆರಗಲ್ಲಿ ಒರೆಸ್ದೋ, ಶುದ್ಧವಾಗಿ.”

“ಲೇ, ಲಕ್ಷ್ಮಿ ಮುಖಕ್ಕೇ ಮುಸುಕು ಹಾಕಿದ್ರಲ್ಲೇ!” ಯಜಮಾನರು ಕೂಗಾಡಲು ಶುರುಮಾಡುತ್ತಾರೆ. ಫಕ್ರುನ್ನೀಸಾ ನಡುವೆ ಬರುತ್ತಾರೆ. “ಬಯ್ಯಬ್ಯಾಡಿ. ಪೂಜೆ ಮಾಡ್ಲಿ, ಮರದ್ ಚೌಕಟ್ಟಿಗೆ ಮಾಡ್ಲಿ. ಗಾಜಿಗೆ ಬರೀ ನೀರು, ಹಳೇ ಪಂಚೆ ಬಟ್ಟೆ. ಏಳ್ರವ್ವ, ಬಿಸ್ಲು ಏರ್ತಾ ಅದೆ.”

ಏಳು ಹೆಂಗಸರು ಸೇರಿ ನಲವತ್ತೂ ತೊಳೆಯುತ್ತಾರೆ. ಫಕ್ರುನ್ನೀಸಾ ಮತ್ತೆ ಒಂದೊಂದನ್ನೂ ಅಳೆಯುತ್ತಾರೆ. ಮಡಿಕೆಗಳನ್ನು ಈ ಸಲ ಎಣಿಸುವವರು ಕೆಂಪಸಿದ್ದಯ್ಯ. ಒಂದು, ಒಂದು, ಒಂದು. ಒಂಬತ್ತು ಗಂಟೆಗೆ ಹಂಡೆಯತ್ತ ಕನ್ನಡಿ ತಿರುಗಿಸುತ್ತಾರೆ, ಬಿಸಿಲು ಸರಿದಂತೆ ಹೆಂಗಸರು ಸರದಿಯ ಮೇಲೆ ವಾಲಿಸುತ್ತಾರೆ. ಹತ್ತೂವರೆಗೆ ಹಂಡೆಯ ಮುಚ್ಚಳ ತಟತಟ ಕುಣಿಯುತ್ತದೆ.

ಯಜಮಾನರು ಅರ್ಧ ಆಣೆಯನ್ನು ಮುಕ್ಕಾಲು ಮಾಡುತ್ತೇನೆಂದರೂ ಫಕ್ರುನ್ನೀಸಾ ಬೇಡವೆನ್ನುತ್ತಾರೆ. “ನೀರು ಕಾಯ್ಸಿದ್ದು ಬಿಸ್ಲು. ದಾರೀಲಿ ಎಷ್ಟು ಸೋರೋಯ್ತದೆ ಅಂತ ಹೇಳಾದಷ್ಟೆ ನಂದು. ತಿಂಗಳಿಗೊಂದ್ ಸಲ ಬತ್ತೀನಿ, ಅಳ್ಸಿ ಸಾಕು.”

ತೊಳೆಯುವ ಅವಸರದಲ್ಲಿ ಒಂದು ಕನ್ನಡಿ ಒಡೆಯಿತು. ಫಕ್ರುನ್ನೀಸಾ ಹಿಡಿಯಬೇಕಿದ್ದ ಮದ್ದೂರಿನ ಬಸ್ಸು ಹತ್ತು ಗಂಟೆಗೇ ಹೋಗಿಬಿಟ್ಟಿತ್ತು. ಉಳಿದ ಮೂವತ್ತೊಂಬತ್ತು ಕನ್ನಡಿ ಸಂತೆಗೆ ಹೋಗಲಿಲ್ಲ.