ದುಡ್ಡು ಬಂದ ದರ್ಜಿ

ಮಕ್ಕಳಿಲ್ಲದ ಸೋದರತ್ತೆ ತೀರಿಕೊಂಡು, ಅವರ ದುಡ್ಡೆಲ್ಲ ನಮ್ಮ ಬೀದಿಯ ದರ್ಜಿಯ ಕೈಸೇರಿದಂದಿನಿಂದ ಆ ಮನುಷ್ಯ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಅಳತೆ ಕೊಡಲು ಹೋದವರ ಕೊರಳಿಗೆ ಟೇಪು ಸುತ್ತಿ, "ನಿಮಗೆ ಇಷ್ಟು ದುಡ್ಡು ಬಂದಿದ್ರೆ ಏನ್ಮಾಡ್ತಿದ್ರಿ? ನಿಜ ಹೇಳಿ" ಎನ್ನುತ್ತಾನೆ, ಉತ್ತರ ಬರುವ ತನಕ ಟೇಪು ಸಡಿಲಿಸುವುದಿಲ್ಲ. ಸೈಟು ತಗೊಳ್ಳಿ ಎಂದವರ ಪ್ಯಾಂಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಸೈಟನ್ನೇ ಬರೆದುಬಿಡುತ್ತಾನೆ. ಚಿನ್ನ ತಗೊಳ್ಳಿ ಎಂದರೆ, ಇನ್ನೂ ಕೊಳ್ಳದ ಚಿನ್ನ ಕಳುವಾದಂತೆ ಬೆವರುತ್ತಾನೆ. ಬ್ಯಾಂಕಿನ ಮ್ಯಾನೇಜರು, "ಅವಸರ ಬೇಡ, ಒಂದು ವರ್ಷ ಡಿಪಾಸಿಟ್ ಇಡಿ" ಎಂದ ಮಾತೊಂದೇ ಅವನಿಗೆ ಹಿಡಿಸಿದ್ದು. "ಕತ್ತರಿ ಆಡಿಸಿಬಿಟ್ರೆ ಬಟ್ಟೆ ಮತ್ತೆ ಕೂಡುತ್ತಾ ಸಾರ್?" ಎಂದು ನಮ್ಮನ್ನೇ ಕೇಳುತ್ತಾನೆ. ಹೊಲಿಗೆ ಮಷಿನ್ನಾದರೂ ಹೊಸದು ತಗೊಳ್ಳಿ ಅಂತ ಹೆಂಡತಿ ಬಾಯಿ ತೆಗೆದರೆ, "ನೋಡೋಣ ಇರೇ" ಎಂದು ಬೀದಿಯ ತುದಿಯವರೆಗೆ ಹೋಗಿ ಬರುತ್ತಾನೆ. ದುಡ್ಡು ಬಂದರೂ ತಲೆ ತಿರುಗಲಿಲ್ಲ, ಜಾಣ ಅಂದರೆ ಇವನಪ್ಪ ಎಂದು ಬೀದಿಗೆ ಬೀದಿಯೇ ಹೊಗಳುತ್ತದೆ. ನಾನೂ ಹೊಗಳಿದೆ. ಅವನು ಕಿಟಕಿಯ ಪಕ್ಕ ತೂಗುಹಾಕಿದ್ದ ಹೆಂಗಸರ ಉಣ್ಣೆ ಕೋಟಿನ ಧೂಳು ಕೊಡವಿದ. ಅದರ ಬಟ್ಟೆಯನ್ನು ಕಳೆದ ಚಳಿಗಾಲಕ್ಕೂ ಮುಂಚೆ ಆ ಸೋದರತ್ತೆಯೇ ಕೊಟ್ಟಿದ್ದರಂತೆ. ಮನೆಯವರೇ ತಾನೇ ಅಂತ, ಬಂದಾಗಲೆಲ್ಲ "ನಾಳೆ ಬನ್ನಿ ಅತ್ತೆ" ಎಂದು ಇವನು ವಾಪಸು ಕಳಿಸಿದ್ದನಂತೆ. ಈಗ ಕೋಟು ಹೊಲಿದು ಮುಗಿದಿದೆ, ಇಸ್ತ್ರಿಯೂ ಆಗಿದೆ. ಯಾರದಿದು ಎಂದು ಗಿರಾಕಿಗಳು ಕೇಳಿದರೆ, ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಾ, "ನಾಳೆ ಬರ್ತಾರೆ" ಎನ್ನುತ್ತಾನೆ.