ದರೆಯಾಚೆ ಬಿದ್ದ ಚೆಂಡು

ಮುಂಡಾಜೆ ಕಡೆಯ ಒಂದು ಹೈಸ್ಕೂಲಿಗೆ ಪದ್ಮಾಕ್ಷಿ ಪಿ.ಟಿ. ಟೀಚರ್ ಆಗಿ ಬಂದು ಹನ್ನೊಂದು ವರ್ಷವಾಗಿತ್ತು. ಪ್ರತಿ ಡಿಸೆಂಬರಿನಲ್ಲಿ ಅಲ್ಲಿ ಹಳೆ ವಿದ್ಯಾರ್ಥಿಗಳಿಗೂ ಹತ್ತನೆ ತರಗತಿಯವರಿಗೂ ಫುಟ್‌ಬಾಲ್ ಪಂದ್ಯ. ಗುಡ್ಡ ಕಡಿದು ಮಾಡಿದ ಮೈದಾನ. ಮೂರು ಬದಿಗೆ ಸುಣ್ಣದ ಗೆರೆ. ಕೆಳಬದಿಗೆ ಮಾತ್ರ ಗೆರೆಯಿಲ್ಲ, ಎರಡಾಳೆತ್ತರ ಕಡಿದಾಗಿ ಇಳಿಯುವ ದರೆ. ಚೆಂಡು ಅಲ್ಲಿ ಕೆಳಗೆ ಬಿದ್ದರೂ ಆಟ ನಿಲ್ಲುವುದಿಲ್ಲ. ಇಳಿದು ಮೊದಲು ಮುಟ್ಟಿದವನ ತಂಡಕ್ಕೇ ಚೆಂಡು. ಶಾಲೆ ಶುರುವಾದಾಗಿನಿಂದ ನಡೆದುಬಂದ ನಿಯಮ. ಇದು ಬೇಡವೆಂದು ಪದ್ಮಾಕ್ಷಿ ಬಂದ ವರ್ಷವೇ ಹೇಳಿದ್ದಳು. ಆಟದ ಗಮ್ಮತ್ತು ಇರುವುದೇ ಅದರಲ್ಲಿ ಎಂದು ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷ ಚಿನ್ನಯ್ಯ ನಕ್ಕಿದ್ದರು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಹೋದ ವರ್ಷ ಹತ್ತನೆಯ ನಿತೇಶ್ ಚೆಂಡಿನ ಹಿಂದೆ ಹಾರಿ ಮುರಕಲ್ಲಿನ ಮೇಲೆ ಮೊಣಕಾಲೂರಿ ಬಿದ್ದ. ಪಕ್ಕದಲ್ಲೇ ಇಳಿದ ಹಳೆ ವಿದ್ಯಾರ್ಥಿಯೊಬ್ಬ ಚೆಂಡು ಮುಟ್ಟಿದ. ರೆಫರಿಯಾಗಿ ದರೆಯ ಮೇಲಿದ್ದ ಪದ್ಮಾಕ್ಷಿ ಸೀಟಿ ಊದಿ, ಚೆಂಡು ಹಳಬರಿಗೆಂದು ಕೈ ಚಾಚಿದಳು. ನಿತೇಶ್ ಏಳಲಿಲ್ಲವೆಂಬುದು ಅವಳ ಗಮನಕ್ಕೆ ಬಂದದ್ದು ಆಮೇಲೆ.

ಅವನಿಗೆ ಎರಡು ಸಲ ಆಪರೇಷನ್ ಆಯಿತು. ಈಗ ಮೂಡುಬಿದಿರೆಯಲ್ಲಿ ಪಿಯುಸಿ ಓದುತ್ತಾನೆ, ನಡೆಯುತ್ತಾನೆ. ಮೊಣಕಾಲು ಪೂರ್ತಿ ಮಡಚುವುದಿಲ್ಲ. ಯಾರೂ ಪದ್ಮಾಕ್ಷಿಯನ್ನು ದೂರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಅವಳಿಗೆ ತಾನು ಚಾಚಿದ ಕೈಯೇ ಕಾಣುತ್ತಿತ್ತು.

ಈ ನವೆಂಬರಿನಲ್ಲಿ ನಡೆದ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು, ಕೆಳಬದಿಗೂ ದರೆಯಿಂದ ಐದು ಹೆಜ್ಜೆ ಒಳಗೆ ಗೆರೆ ಬೇಕೆಂದಳು. ಗೆರೆ ದಾಟಿಸಿದವರ ಎದುರು ತಂಡಕ್ಕೆ ಚೆಂಡು, ಯಾರೂ ಕೆಳಗಿಳಿಯಬಾರದು. ಒಂದು ಸಲ ಆದದ್ದಕ್ಕೆ ಇಷ್ಟು ವರ್ಷದ ಆಟ ಕೆಡಿಸುವುದು ಸರಿಯಲ್ಲವೆಂದು ಚಿನ್ನಯ್ಯ ಹೇಳಿದರು.

"ಅವತ್ತು ಸೀಟಿ ಊದಿದ್ದು ನಾನು," ಎಂದಳು ಪದ್ಮಾಕ್ಷಿ. "ಹುಡುಗ ಬಿದ್ದದ್ದು ನೋಡ್ಲಿಲ್ಲ, ಚೆಂಡು ಯಾರಿಗೆ ಅಂತ ನೋಡಿದೆ. ಆ ನಿಯಮ ಇಟ್ಟುಕೊಂಡು ಆಟ ನಡೆಸ್ಲಿಕ್ಕೆ ಇನ್ನು ನನ್ನಿಂದ ಆಗುವುದಿಲ್ಲ."

ಹಿಂದಿನ ಬೆಂಚಿನಲ್ಲಿದ್ದ ನಿತೇಶನ ತಂದೆ ಜತ್ತಪ್ಪ ನಿಧಾನವಾಗಿ ಎದ್ದರು. ಅವರೂ ಆ ಶಾಲೆಯಲ್ಲೇ ಕಲಿತವರು.

"ಹಾರು ಅಂತ ಮೇಲಿಂದ ಕೂಗಿದ್ದು ನಾನೇ ಟೀಚರ್. ಮನೆಯಲ್ಲಿ ಅವನ ಅಮ್ಮನಿಗೆ ಇವತ್ತಿನವರೆಗೂ ಹೇಳ್ಲಿಲ್ಲ. ಗೆರೆ ಹಾಕುವ."

ಚಿನ್ನಯ್ಯ ನಡಾವಳಿ ಪುಸ್ತಕ ಎಳೆದುಕೊಂಡು ಹೊಸ ನಿಯಮವನ್ನು ತಾವೇ ಬರೆದರು.

ಡಿಸೆಂಬರಿನ ಪಂದ್ಯದ ಮೊದಲರ್ಧದಲ್ಲೇ ಚೆಂಡು ಕೆಳಬದಿಗೆ ಉರುಳಿತು. ರೂಢಿಯಂತೆ ನಾಲ್ವರು ಓಡಿಹೋಗಿ ಗೆರೆಯ ಹತ್ತಿರ ಗಕ್ಕನೆ ನಿಂತರು. ಪದ್ಮಾಕ್ಷಿ ಇನ್ನೊಂದು ಚೆಂಡು ಕೊಟ್ಟಳು, ಆಟ ಮುಂದುವರಿಯಿತು. ಕೆಳಗೆ ಬಿದ್ದದ್ದನ್ನು ಜತ್ತಪ್ಪ ರಸ್ತೆಯಿಂದ ಸುತ್ತಿ ಹೋಗಿ ತಂದುಕೊಟ್ಟರು.