ಒಂದೇ ಹೆಸರಿನ ಐದು ಪದಗಳು

ತೆಲಂಗಾಣದ ಗಡಿಯೂರು ಮಕ್ತಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶಿವಕಾಂತ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ತತ್ವಪದ ಹಚ್ಚಿ ಕೇಳುತ್ತಿದ್ದಾರೆ. ಹತ್ತು ಸೆಕೆಂಡ್ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಎಂಟು ಗಂಟೆಗೆ ಬೀಜದಂಗಡಿಯ ಕೆಲಸಕ್ಕೆ ಹೊರಡಬೇಕು.

ನಾರಾಯಣಪೇಟೆ, ಕೋಸಗಿ, ಮದ್ದೂರು ಕಡೆಯ ಭಜನೆ ಮೇಳಗಳ ಹಾಡುಗಳನ್ನು ಹನ್ನೆರಡು ವರ್ಷದಿಂದ ಕೂಡಿಟ್ಟವರು ಇವರು. ಒಂಬತ್ತು ಸಾವಿರ ಹಾಡುಗಳಿವೆ. ಹಾಡು ನಿಂತುಹೋದ ಕಂಪ್ಯೂಟರ್ ಹೊತ್ತುಕೊಂಡು ವಾರಕ್ಕೆ ನಾಲ್ಕೈದು ಮಂದಿ ಇವರ ಮನೆಗೆ ಬರುತ್ತಾರೆ.

"ಹೆಸರು ಕಾಣಸ್ತೈತಿ, ಹಾಡು ಹತ್ತವಲ್ದು ಅಂತಾರ್ರಿ. ಫೈಲು ತಾವs ಬ್ಯಾರೆ ಕಡೆ ಸರಿಸಿರ್ತಾರ. ಎಲ್ಲಿಟ್ರಿ ಅಂತ ಕೇಳಿದ್ರ ಅವ್ರಿಗೆ ಸಿಟ್ಟು."

ಸಿಟ್ಟಿಗೆದ್ದು ಕಂಪ್ಯೂಟರಿಗೆ ಎರಡೇಟು ಬಿಗಿದವನು ನಾನೂ ಹೌದು. ಶಿವಕಾಂತ ಮಾತ್ರ ಚಹಾ ಕುಡಿಸಿ, ಹುಡುಕಿ, ಸರಿಮಾಡಿ ಕೊಡುತ್ತಾರೆ. ಪತ್ರಿಕೆಯಲ್ಲಿ ಅವರನ್ನು ಹೊಗಳಿ ಬರೆಯೋಣವೆಂದೇ ನಾನು ಬಂದದ್ದು. ಹಾಗೆಂದರೆ ಅವರ ಮುಖ ಸಣ್ಣದಾಗುತ್ತದೆ.

ಇಲ್ಲಿಯ ಮೇಳಗಳಲ್ಲಿ ಪದಕ್ಕೆ ಹಾಡಿದವರ ಹೆಸರು ಹಚ್ಚುವುದಿಲ್ಲ. ಪದ ಗುರುವಿನದು, ಹಾಡುವವನದೇನು ದೊಡ್ಡಸ್ತಿಕೆ ಎಂಬ ಭಾವ. ಹೀಗಾಗಿ ಐದು ಮಂದಿ ಹಾಡಿದ ಪದಕ್ಕೆ ಐದು ಊರಿನ ಫೋಲ್ಡರಿನಲ್ಲೂ ಒಂದೇ ಹೆಸರು. ಈ ಬೇಸಿಗೆಯಲ್ಲಿ ಕಂಪ್ಯೂಟರ್ ಜಾಗವಿಲ್ಲದೆ ಒದ್ದಾಡತೊಡಗಿದಾಗ ಶಿವಕಾಂತ ಒಂದೇ ಹೆಸರಿನವನ್ನೆಲ್ಲ ಹುಡುಕಿಸಿ, ಒಂದೇ ಹಾಡಿನ ನಕಲುಗಳೆಂದುಕೊಂಡು ಒಂದೊಂದನ್ನೇ ಉಳಿಸಿ ಮಿಕ್ಕವನ್ನು ಅಳಿಸಿಬಿಟ್ಟರು. ಖಾಲಿಯಾದ ಜಾಗಕ್ಕೆ ಹೊಸ ಹಾಡು ತುಂಬಿದರು. ಅಳಿದವು ಮತ್ತೆ ಬರಲಿಲ್ಲ.

ಅವುಗಳಲ್ಲಿ ಮದ್ದೂರಿನ ಲಿಂಗಣ್ಣ ಹಾಡಿದ್ದ ಪದವೂ ಇತ್ತು. ಅವರು ಹಾಡಿದ್ದು ಅದೊಂದೇ ದಾಖಲಾಗಿತ್ತು. ಲಿಂಗಣ್ಣ ತೀರಿಕೊಂಡ ತಿಂಗಳಿಗೆ ಅವರ ಹೆಂಡತಿ ಶಿವಬಸಮ್ಮ ಗಂಡನ ದನಿ ಕೇಳಬೇಕೆಂದು ಬಸ್ಸು ಹತ್ತಿ ಬಂದರು.

"ಕಂಪ್ಯೂಟರ್ ಕೆಟ್ಟೈತಿ ಯವ್ವಾ, ರಿಪೇರಿಗೆ ಕೊಡಬೇಕು ಅಂದ್ನಿ. ಸುಳ್ಳು! ಆ ತಾಯಿ ಇರ್ಲಿ ಬಿಡಪ್ಪಾ ಅಂತ ನನಗs ಸಮಾಧಾನ ಹೇಳಿ ಹೋದ್ರು. ಮತ್ತೊಮ್ಮೆ ಬಂದಾಗೂ ಅದs ಸುಳ್ಳು. ನಾಚಿಕೀಲೆ ತಲಿ ಎತ್ತಾಕ ಆಗವಲ್ದ್ರಿ."

ಎರಡು ತಿಂಗಳಿಂದ ಶಿವಕಾಂತ ಊರೂರಿನ ಮೇಳದವರ ಹಳೆ ಮೊಬೈಲುಗಳ ಮೆಮೊರಿ ಕಾರ್ಡು ಬೇಡಿ ತರುತ್ತಿದ್ದಾರೆ. ಈವರೆಗೆ ಅರವತ್ತೆರಡು ಕಾರ್ಡು ಕೇಳಿ ಮುಗಿದಿವೆ. ಲಿಂಗಣ್ಣನ ದನಿ ಸಿಕ್ಕಿಲ್ಲ. ಎದುರಿಗೆ ಕೂತ ನನಗೂ ಸಂಕಟವಾಗುತ್ತದೆ.

ಶಿವಬಸಮ್ಮನವರ ಸಂಗತಿ ಬಿಟ್ಟು ಬರೆಯುತ್ತೇನೆ ಎನ್ನುತ್ತೇನೆ. ಶಿವಕಾಂತ ಹಾಡು ನಿಲ್ಲಿಸಿ ನನ್ನತ್ತ ತಿರುಗುತ್ತಾರೆ.

"ಬ್ಯಾರೆ ಏನರ ಬಿಡ್ರಿ, ಅದನ್ನ ಬಿಡಬ್ಯಾಡ್ರಿ. ಅಳಿಸಿದಾವ ಶಿವಕಾಂತ ಅಂತ ಹೆಸರು ಹಾಕ್ರಿ. ಬಾಯಿಲೆ ಹೇಳಾಕ ನನಗ ಧೈರ್ಯ ಸಾಲವಲ್ದು. ಆ ತಾಯಿ ಕಲಿತದ್ದು ತೆಲುಗು ಸಾಲ್ಯಾಗ, ಕನ್ನಡ ಓದಾಕ ಬರಾಂಗಿಲ್ಲ. ಪೇಪರ್ ಬಂದ ದಿನ ಮದ್ದೂರಿಗೆ ಹೋಗ್ತೀನಿ. ಅವ್ರ ಮುಂದ ಕುಂತು ನಾನs ಓದ್ತೀನಿ."